ನವಮಿಗೆ ಶುರು, ಅಮಾವಾಸ್ಯೆಗೆ ಮುಕ್ತಾಯ

2018ರಲ್ಲಿ ನಾನು ನಂಜನಗೂಡಿನಲ್ಲಿ ಸರ್ಕಾರಿ ಪ್ರಸೂತಿ ತಜ್ಞೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಆ ಹೊತ್ತಿಗೆ ನನ್ನ ಪಾಲಿಗಿದ್ದದ್ದು ಒಂದು ಮೇಜು, ಒಂದು ಕಾಲು ಗಿಡ್ಡವಾದ ಸ್ಟೂಲು ಮತ್ತು ಜಗತ್ತಿನ ಯಾವ ಹೆಂಗಸಿನ ಯಾವ ಮಾತಿಗೂ ಹುಬ್ಬೇರಿಸದ ಒಂದು ಮುಖ. ಮೊದಲಿನ ಎರಡನ್ನು ಸರ್ಕಾರ ದಯಪಾಲಿಸಿತ್ತು. ಮುಖ ಮಾತ್ರ ಮೂವತ್ತು ವರ್ಷದ ಸೇವೆಯಲ್ಲಿ ನಾನೇ ಸಂಪಾದಿಸಿಕೊಂಡದ್ದು. ಆ ಮುಖವೂ ಕೈಕೊಟ್ಟ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಾಯಿಸಿದ್ದೇನೆ, ಊರಿನ ಹೆಸರನ್ನಂತೂ ಹೇಳುವುದಿಲ್ಲ. ಕಪಿಲೆಯ ದಡದಲ್ಲಿ ದೇವಸ್ಥಾನಗಳಿಗೆ ಬರವಿಲ್ಲ. ಹುಡುಕಲು ಹೊರಟವರಿಗೆ ಪುಣ್ಯ ದಕ್ಕೀತು, ವಿಳಾಸ ದಕ್ಕಲಾರದು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಪದ್ಮಿನಿ ಬಂದಳು. ಬನ್ನೂರಿನ ಮೇಷ್ಟರ ಮಗಳು, ಬಿ.ಎ. ಓದಿದವಳು, ವಯಸ್ಸು ಮೂವತ್ತೊಂದು. ಅರ್ಚಕರ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಜೊತೆಗೆ ಅತ್ತೆ ಜಾನಕಮ್ಮ. ಎಪ್ಪತ್ತರ ಹತ್ತಿರದವರು, ಎಂದೋ ಮುರಿದ ಎಡಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಕಾಲು ಗಿಡ್ಡವಾದ ಸ್ಟೂಲನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಅದರ ಮೇಲೆ ಸೊಸೆಯನ್ನು ಕೂರಿಸಿ, ತಾವು ನಿಂತೇ ಇದ್ದರು.

ನಾಲ್ಕು ವರ್ಷದ ಹಿಂದೆ ಮೈಸೂರಿನಲ್ಲಿ ಮಾಡಿಸಿದ ಪರೀಕ್ಷೆಗಳ ವರದಿಗಳನ್ನು ತಂದಿದ್ದರು. ಗಂಡನ ವೀರ್ಯ ಸರಿಯಾಗಿತ್ತು. ಇವಳ ಗರ್ಭನಾಳಗಳು ತೆರೆದಿದ್ದವು. ಥೈರಾಯ್ಡ್ ತನ್ನ ಪಾಡಿಗೆ ತಾನಿತ್ತು. ಎಲ್ಲ ಸರಿಯಿದೆ, ಕಾಯಿರಿ ಎಂದು ಹೇಳಿ ಕಳಿಸಿದ್ದರಂತೆ. ಕಾದಿದ್ದರು. ಕಾಯುವುದರ ಜೊತೆಗೆ ನಾಗಪ್ರತಿಷ್ಠೆ, ಅಶ್ವತ್ಥ ಪ್ರದಕ್ಷಿಣೆ, ಸಂತಾನಗೋಪಾಲ ಜಪ ಎಲ್ಲವೂ ನಡೆದಿದ್ದವು.

"ಡೇಟ್ ಸರಿಯಾಗಿ ಆಗುತ್ತೇನಮ್ಮ?" ಎಂದೆ.

ಪದ್ಮಿನಿ ಬಾಯಿ ತೆರೆಯುವಷ್ಟರಲ್ಲಿ ಜಾನಕಮ್ಮ, "ಗಡಿಯಾರ ಕಣಮ್ಮ, ಗಡಿಯಾರ! ಅಮಾವಾಸ್ಯೆ ಕಳೀತು ಅಂದ್ರೆ ಬಿದಿಗೆ, ಇಲ್ಲ ತದಿಗೆ. ಆಚೆ ಈಚೆ ಇಲ್ಲ" ಎಂದರು.

ನಾನು ಬರೆಯುವುದನ್ನು ನಿಲ್ಲಿಸಿದೆ. ನನ್ನ ಸೇವಾವಧಿಯಲ್ಲಿ ಕಂಡ ಅಂಡಾಶಯಗಳಲ್ಲಿ ಒಂದೂ ಪಂಚಾಂಗ ನೋಡಿದ್ದಿಲ್ಲ. ಆರೋಗ್ಯವಂತ ಹೆಂಗಸಿಗೂ ಒಂದು ತಿಂಗಳು ಎರಡು ದಿನ ಹಿಂದಾಗುತ್ತದೆ, ಇನ್ನೊಂದು ತಿಂಗಳು ಮೂರು ದಿನ ಮುಂದಾಗುತ್ತದೆ.

"ಪ್ರತಿ ತಿಂಗಳೂನಾ?"

"ಎಂಟು ವರ್ಷದಿಂದ. ನಮ್ಮ ಪಾಳಿಗೆ ಒಂದು ದಿನ ಅಡ್ಡ ಬಂದಿಲ್ಲ ನನ್ನ ಸೊಸೆ."

"ಅದು ಹೇಗಮ್ಮ ಸಾಧ್ಯ?"

"ಮಾತ್ರೆ ಇದೆಯಲ್ಲ!" ಎಂದರು ಜಾನಕಮ್ಮ, ಇಷ್ಟೂ ತಿಳಿಯದ ಡಾಕ್ಟರನ್ನು ಸರ್ಕಾರ ಹೇಗೆ ಇಟ್ಟುಕೊಂಡಿದೆ ಎಂಬ ಮರುಕದಲ್ಲಿ.

"ಔಷಧಿ ಏನಾದ್ರೂ ತಗೊಳ್ತೀಯಾ ಅಂತ ಈಗ ತಾನೇ ಕೇಳಿದೆ. ಇಲ್ಲ ಅಂದೆಯಲ್ಲ?" ಎಂದು ಪದ್ಮಿನಿಯ ಕಡೆ ತಿರುಗಿದೆ.

"ಅದು ಔಷಧಿ ಅಲ್ಲ ಮೇಡಂ," ಎಂದಳು ಅವಳು ಮೆಲ್ಲಗೆ. "ಡೇಟ್ ಮಾತ್ರೆ."

ಪಾಳಿಯ ವಿಷಯವನ್ನು ಇಲ್ಲಿ ಹೇಳಬೇಕು. ಅವರ ಊರಿನ ದೇವಸ್ಥಾನದ ಪೂಜೆ ಎರಡು ದಾಯಾದಿ ಮನೆಗಳಿಗೆ ಸೇರಿದ್ದು. ಶುಕ್ಲಪಕ್ಷ ದೊಡ್ಡ ಮನೆಯದು, ಕೃಷ್ಣಪಕ್ಷ ಇವರದು. ತಮ್ಮ ಪಾಳಿಯ ಹದಿನೈದು ದಿನವೂ ದೇವರ ನೈವೇದ್ಯ ಇವರ ಮನೆಯ ಮಡಿ ಅಡುಗೆಮನೆಯಿಂದಲೇ ಹೋಗಬೇಕು. ಜಾನಕಮ್ಮನ ಕೈ ಮುರಿದ ಮೇಲೆ ಆ ಒಲೆ ಪದ್ಮಿನಿಯದಾಗಿತ್ತು. ಅವಳು ಕೃಷ್ಣಪಕ್ಷದಲ್ಲಿ ಹೊರಗೆ ಕೂತರೆ ನೈವೇದ್ಯಕ್ಕಾಗಿ ದೊಡ್ಡ ಮನೆಯವರ ಬಾಗಿಲು ತಟ್ಟಬೇಕು. ಹಾಗೆ ಒಮ್ಮೆ ತಟ್ಟಿದ್ದಕ್ಕೆ, 'ನಿಮ್ಮ ಪಾಳೀನೂ ನಮಗೇ ಬರೆದುಕೊಟ್ಟುಬಿಡಿ' ಎಂಬ ಮಾತು ಬಂದಿತ್ತಂತೆ. ಅಲ್ಲಿಂದ ಶುರುವಾದದ್ದು ಮಾತ್ರೆ. ಮೊದಮೊದಲು ಡೇಟ್ ಮುಂದೂಡುವ ಮಾತ್ರೆ. ಆಮೇಲೆ ಒಂದು ಮೆಡಿಕಲ್ ಸ್ಟೋರಿನಾತ, 'ತಿಂಗಳು ತಿಂಗಳೂ ಅದು ಬೇಡ, ಇದನ್ನ ತಗೊಳ್ಳಿ, ಡೇಟ್ ಕ್ರಮವಾಗಿ ಬರುತ್ತೆ' ಎಂದು ಬೇರೆ ಮಾತ್ರೆಯ ಪಟ್ಟಿ ಕೊಟ್ಟ. ಶುಕ್ಲಪಕ್ಷದ ನವಮಿಗೆ ಶುರು, ಅಮಾವಾಸ್ಯೆಗೆ ಮುಕ್ತಾಯ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು. ಅಷ್ಟರಲ್ಲಿ ಪಾಳಿ ದೊಡ್ಡ ಮನೆಗೆ ಹೋಗಿರುತ್ತಿತ್ತು. ಡೇಟ್ ಕ್ರಮವಾಗಿದ್ದರೆ ಮಕ್ಕಳಾಗುತ್ತವೆ ಎಂದು ಊರೇ ಹೇಳುತ್ತದೆ. ಹಾಗಾಗಿ ಈ ಮಾತ್ರೆ ದೇವರಿಗೂ ಆಯಿತು, ಸಂತಾನಕ್ಕೂ ಆಯಿತು ಎಂದು ಅತ್ತೆ ಸೊಸೆ ನೆಮ್ಮದಿಯಾಗಿದ್ದರು.

ಪರ್ಸಿನಿಂದ ಪಟ್ಟಿಯನ್ನು ತೆಗೆಸಿ ನೋಡಿದೆ. ಗರ್ಭನಿರೋಧಕ ಮಾತ್ರೆ.

ಬಿ.ಎ. ಓದಿದವಳಿಗೆ ಪಟ್ಟಿಯ ಹಿಂದಿನ ಅಕ್ಷರ ಕಾಣಲಿಲ್ಲವೇ ಎಂದು ಕೇಳಬೇಡಿ. ಅಲ್ಲಿರುವುದು ಎರಡು ಹಾರ್ಮೋನುಗಳ ಹೆಸರು. ಅವು ಒಳಗೆ ಹೋಗಿ ಏನು ಮಾಡುತ್ತವೆಂದು ಯಾವ ಪಟ್ಟಿಯೂ ತಾನಾಗಿ ಬಾಯಿ ಬಿಡುವುದಿಲ್ಲ.

ನನ್ನ ಜೊತೆಗಿದ್ದ ಸಿಸ್ಟರ್ ಮಾದೇವಮ್ಮ ಮೂಗೂರಿನವರು. ಮನಸ್ಸಿಗೂ ಬಾಯಿಗೂ ನಡುವೆ ಬಾಗಿಲಿಟ್ಟುಕೊಂಡವರಲ್ಲ. "ಅಯ್ಯೋ ಸಿವ್ನೆ! ಮಕ್ಕಳಾಗ್ಲಿ ಅಂತ ಅರಕೆ ಒತ್ಕೊಂಡು, ಮಕ್ಕಳಾಗ್ದೆ ಇರೋ ಮಾತ್ರೆ ನುಂಗವ್ರಲ್ಲಾ!" ಎಂದುಬಿಟ್ಟರು.

ಜಾನಕಮ್ಮ ಮೊದಲ ಬಾರಿಗೆ ಗೋಡೆಗೆ ಒರಗಿದರು.

ಅವರಿಬ್ಬರಿಗೂ ಅಂದು ನಾನು ಹೇಳಿದ್ದನ್ನೇ ಓದುಗರಿಗೂ ಹೇಳುತ್ತೇನೆ. ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಅದನ್ನು ತಹಶೀಲ್ದಾರರೆಂದು ತಿಳಿಯಿರಿ. ಅಂಡಾಶಯ ಅವರ ಕೈಕೆಳಗಿನ ಗ್ರಾಮ. ತಿಂಗಳ ಆರಂಭದಲ್ಲಿ ತಹಶೀಲ್ದಾರರು ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ರೂಪದಲ್ಲಿ ಒಂದು ಆದೇಶ ಕಳಿಸುತ್ತಾರೆ: ಅಂಡಗಳನ್ನು ಬೆಳೆಸುವುದು. ಆದೇಶ ತಲುಪಿದ ಕೂಡಲೇ ಅಂಡಾಶಯದ ಕೆಲವು ಕೋಶಕಗಳು, ಅಂದರೆ ಒಂದೊಂದು ಅಂಡವನ್ನು ಒಳಗಿಟ್ಟುಕೊಂಡ ಪುಟ್ಟ ಚೀಲಗಳು, ಬೆಳೆಯತೊಡಗುತ್ತವೆ. ಬೆಳೆಯುತ್ತಾ ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಇದು ಗ್ರಾಮದಿಂದ ಮೇಲೆ ಹೋಗುವ ವರದಿ: ಕೆಲಸ ಪ್ರಗತಿಯಲ್ಲಿದೆ. ವರದಿ ನೋಡಿದ ತಹಶೀಲ್ದಾರರು ಆದೇಶವನ್ನು ತಗ್ಗಿಸುತ್ತಾರೆ. ತಗ್ಗಿದ ಆದೇಶದಲ್ಲಿ ಮಿಕ್ಕ ಕೋಶಕಗಳು ಸೊರಗುತ್ತವೆ, ಬಲಿತ ಒಂದು ಉಳಿಯುತ್ತದೆ. ಆ ಒಂದರ ಈಸ್ಟ್ರೋಜೆನ್ ತುಂಬ ಏರಿದಾಗ ಮಾತ್ರ ತಹಶೀಲ್ದಾರರು ಎಂದಿನ ಸ್ವಭಾವ ಬಿಟ್ಟು ಒಮ್ಮೆಲೇ ಎಲ್‌ಎಚ್ ಎಂಬ ಎರಡನೇ ಆದೇಶವನ್ನು ಜೋರಾಗಿ ಹೊರಡಿಸುತ್ತಾರೆ. ಕೋಶಕ ಒಡೆದು ಅಂಡ ಹೊರಬರುತ್ತದೆ. ಒಡೆದ ಕೋಶಕವೇ ಮುಂದೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸುರಿಸಿ ಗರ್ಭಕೋಶದಲ್ಲಿ ಹಾಸಿಗೆ ಸಿದ್ಧಮಾಡುತ್ತದೆ. ಅತಿಥಿ ಬರಲಿಲ್ಲವೆಂದರೆ ಎರಡು ವಾರದಲ್ಲಿ ಅದೂ ಬಾಡುತ್ತದೆ. ಹಾರ್ಮೋನುಗಳು ಇಳಿಯುತ್ತವೆ, ಹಾಸಿಗೆ ಕಳಚುತ್ತದೆ. ಅದೇ ಮುಟ್ಟು.

ಮಾತ್ರೆಯಲ್ಲಿರುವುದು ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎಂಬ ಇದೇ ಎರಡು ಹಾರ್ಮೋನುಗಳ ನಕಲು. ಅದನ್ನು ದಿನಾ ನುಂಗಿದರೆ ತಹಶೀಲ್ದಾರರ ಮೇಜಿಗೆ ದಿನಾ ಒಂದು ಸುಳ್ಳು ವರದಿ ಹೋಗುತ್ತದೆ: ಗ್ರಾಮದಲ್ಲಿ ಎಲ್ಲ ಕ್ಷೇಮ, ಆದೇಶ ಬೇಕಿಲ್ಲ. ಸಾಹೇಬರು ನಿದ್ದೆಗೆ ಜಾರುತ್ತಾರೆ. ಅಂಡ ಬೆಳೆಯುವುದಿಲ್ಲ. ಮಾತ್ರೆ ನಿಲ್ಲಿಸಿದಾಗ ಹಾಸಿಗೆ ಕಳಚಿ ರಕ್ತ ಬರುತ್ತದೆ, ನಿಜ. ಆದರೆ ಅದು ಮಾತ್ರೆ ಕಳಿಸಿದ ಮುಟ್ಟು. ಅಂಡಾಶಯಕ್ಕೆ ಅದರ ಸುದ್ದಿಯೇ ಇರುವುದಿಲ್ಲ.

"ಹಾಗಾದ್ರೆ ಮಾತ್ರೆ ಬಿಟ್ರೆ ಮಗು ಆಗುತ್ತಾ ಮೇಡಂ?" ಎಂದಳು ಪದ್ಮಿನಿ.

"ಬಿಡು. ಮೂರು ತಿಂಗಳು ನೋಡೋಣ" ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಆದರೆ ಮೂವತ್ತೊಂದು ವರ್ಷದ ಹೆಣ್ಣು, ಕಾರಣ ಕೈಗೆ ಸಿಕ್ಕಿದೆ, ಪರಿಹಾರ ಕಸದ ಬುಟ್ಟಿಯಷ್ಟು ಹತ್ತಿರದಲ್ಲಿದೆ. ಅವಳು ಪಟ್ಟಿಯನ್ನು ಬುಟ್ಟಿಗೆ ಹಾಕಿದಾಗ ನಾನೂ ಒಳಗೊಳಗೇ ಖುಷಿಪಟ್ಟೆ.

ಜಾನಕಮ್ಮನಿಗೆ ಮಾತ್ರ ಇನ್ನೊಂದು ಪ್ರಶ್ನೆ ಉಳಿದಿತ್ತು. "ಪಾಳಿ ನಡೆಯೋವಾಗ್ಲೇ ಬಂದುಬಿಟ್ರೆ?"

"ನೀವು ಅಡುಗೆ ಮಾಡಿ."

"ಈ ಕೈಲಾ? ಅನ್ನದ ತಪ್ಪಲೆ ಇಳಿಸೋಕಾಗಲ್ಲಮ್ಮ ನನಗೆ." ಸೊಟ್ಟ ಮಣಿಕಟ್ಟನ್ನು ನನ್ನೆದುರು ಹಿಡಿದರು. ಮರುಕ್ಷಣ ಅದನ್ನೇ ತಿರುಗಿಸಿ ನೋಡಿಕೊಂಡು, "ಆಗಲಿ. ಮೊಮ್ಮಗು ಎತ್ತಿಕೊಳ್ಳೋ ಆಸೆ ಇರೋ ಕೈ ತಪ್ಪಲೆ ಇಳಿಸಲ್ಲ ಅಂದ್ರೆ ಹೇಗೆ" ಎಂದರು.

ಆಷಾಢ ಬಂತು. ಒಂದು ದಿನ ಮಾದೇವಮ್ಮ ಒಳಗೆ ಬಂದು, "ಮೇಡಂ, ಆ ಐನೋರ ಮನೆ ಅತ್ತೆ ಸೊಸೆ ಬಂದವ್ರೆ. ರಸಬಾಳೆ ಗೊನೆ ತಂದವ್ರೆ ನಿಮ್ಗೆ. ದೊಡ್ಡಮ್ಮನ ಮಖ ನೋಡ್ಬೇಕು, ಮನೇಲಿ ಅಬ್ಬ ಅನ್ನೋ ಅಂಗದೆ" ಎಂದರು.

ಜಾನಕಮ್ಮ ಗೊನೆಯನ್ನು ಮೇಜಿನ ಮೇಲೆಯೇ ಇಟ್ಟರು. "ಮಾತ್ರೆ ಬಿಟ್ಟ ಮೇಲೆ ಡೇಟೇ ಇಲ್ಲ ಕಣಮ್ಮ! ಎರಡು ಅಮಾವಾಸ್ಯೆ ಕಳೀತು. ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು."

ಎಂಟು ವರ್ಷ ಮಾತ್ರೆ ನುಂಗಿದವರಿಗೆ ಬಿಟ್ಟ ಮೇಲೆ ಮುಟ್ಟು ಒಂದೆರಡು ತಿಂಗಳು ತಡವಾಗುವುದು ಹೊಸದೇನಲ್ಲ. ನಿಜವಾಗಿ ಬಸುರಾಗಿರಲೂಬಹುದು. "ವಾಂತಿ, ಸಂಕಟ ಏನಾದ್ರೂ?" ಎಂದೆ.

"ಅದೇನಿಲ್ಲ. ಆದ್ರೆ ಮೈ ಕಾವು ಅಂತಾಳೆ. ಕೂತಿರ್ತಾಳೆ, ಎದೆಯಿಂದ ಮುಖಕ್ಕೆ ಒಲೆ ಉರಿ ಬಡಿದ ಹಾಗೆ ಆಗುತ್ತಂತೆ. ಈ ಆಷಾಢದ ಗಾಳೀಲೂ ರವಿಕೆ ಒದ್ದೆ. ಗಂಡು ಮಗೂನೇ ಕಣಮ್ಮ. ಕಾವಿನ ಕೂಸು."

ನನ್ನ ಮುಖ ಕೈಕೊಟ್ಟದ್ದು ಆಗ. ಪದ್ಮಿನಿ ನನ್ನನ್ನೇ ನೋಡುತ್ತಿದ್ದಳು. ನಗು ಅವಳ ತುಟಿಯಲ್ಲೇ ನಿಂತಿತು. ಎದೆಯಿಂದ ಮುಖಕ್ಕೆ ಏರುವ ಆ ಉರಿಯನ್ನು ನಾನು ದಿನಾ ಕೇಳುತ್ತಿದ್ದೆ. ಆದರೆ ಅದನ್ನು ಹೇಳಿಕೊಂಡು ಬರುತ್ತಿದ್ದವರು ಐವತ್ತರ ಹತ್ತಿರದವರು, ಮುಟ್ಟು ನಿಲ್ಲುವ ಕಾಲದವರು. ಈಸ್ಟ್ರೋಜೆನ್ ಬತ್ತಿದಾಗ ಬರುವ ಉರಿ ಅದು.

ಮೂತ್ರ ಪರೀಕ್ಷೆಯ ಕಾರ್ಡಿನಲ್ಲಿ ಒಂದೇ ಗೆರೆ ಮೂಡಿತು. ಎರಡನೆಯದು ಮೂಡೀತೆಂದು ಪದ್ಮಿನಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಬೇಗ ಮಾಡಿಸಿದ್ವೇನೋ ಮೇಡಂ?"

"ಇರಬಹುದು" ಎನ್ನುವುದು ಸುಲಭವಿತ್ತು. ಅನ್ನಲಿಲ್ಲ. "ನಿಮ್ಮ ತಾಯಿಗೆ ಮುಟ್ಟು ಎಷ್ಟು ವರ್ಷಕ್ಕೆ ನಿಂತಿತು?" ಎಂದು ಕೇಳಿದೆ.

"ಬೇಗಾನೇ. ಮೂವತ್ತಾರೋ ಏನೋ. 'ಪುಣ್ಯವಂತೆ, ಇಷ್ಟು ಬೇಗ ಬಿಡುಗಡೆ ಆಯ್ತು' ಅಂತ ನಮ್ಮ ಕಡೆ ಎಲ್ಲರೂ ಅಂತಿದ್ರು."

ರಕ್ತ ಪರೀಕ್ಷೆಗೆ ಬರೆದೆ. ಎಫ್‌ಎಸ್‌ಎಚ್ ಹತ್ತರ ಆಸುಪಾಸಿನಲ್ಲಿರಬೇಕಾದದ್ದು ಅರವತ್ತೆಂಟು ಇತ್ತು. ಒಂದೇ ವರದಿ ನಂಬಿ ತೀರ್ಪು ಕೊಡಬಾರದೆಂಬುದು ನಮ್ಮ ನಿಯಮ. ತಿಂಗಳು ಬಿಟ್ಟು ಮತ್ತೆ ಮಾಡಿಸಿದೆ. ಎಪ್ಪತ್ತೊಂದು. ಸ್ಕ್ಯಾನಿನಲ್ಲಿ ಅಂಡಾಶಯಗಳು ಚಿಕ್ಕದಾಗಿ ಮುದುಡಿದ್ದವು, ಕೋಶಕಗಳು ಕಾಣಲಿಲ್ಲ. ತಹಶೀಲ್ದಾರರು ಕೂಗುತ್ತಲೇ ಇದ್ದರು, ಆದೇಶದ ಮೇಲೆ ಆದೇಶ. ಗ್ರಾಮದಲ್ಲಿ ಓಗೊಡುವವರು ಯಾರೂ ಇರಲಿಲ್ಲ. ಇದಕ್ಕೆ ಅಕಾಲಿಕ ಅಂಡಾಶಯ ವೈಫಲ್ಯ ಎಂದು ಹೆಸರು. ನಲವತ್ತರೊಳಗಿನ ಹೆಂಗಸರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಬರುತ್ತದೆ. ಕೆಲವು ಮನೆಗಳಲ್ಲಿ ತಾಯಿಯಿಂದ ಮಗಳಿಗೆ.

ರಸಬಾಳೆ ಗೊನೆಯನ್ನು ಹಿಂದಿರುಗಿಸುವ ಧೈರ್ಯ ನನಗೆ ಆಗಿರಲಿಲ್ಲ. ವಾರ್ಡಿಗೆ ಕಳಿಸಿದ್ದೆ. ಬಾಣಂತಿಯರಿಗೆ ಬಾಳೆಹಣ್ಣು ಥಂಡಿ ಎಂದು ಅವರ ತಾಯಂದಿರೇ ಅದನ್ನು ತಿಂದು ಮುಗಿಸಿದರು.

ಎರಡನೇ ವರದಿ ಬಂದ ದಿನ ಗಂಡನನ್ನೂ ಕರೆಸಿದೆ. ವರದರಾಜ ಮಿತಭಾಷಿ. ದೇವರೆದುರು ದಿನಕ್ಕೆ ಎರಡು ಹೊತ್ತು ಗಟ್ಟಿಯಾಗಿ ಮಾತಾಡಿ ಮನುಷ್ಯರಿಗೆಂದು ಏನನ್ನೂ ಉಳಿಸಿಕೊಳ್ಳದವನು. ಮಾದೇವಮ್ಮ ಹೇಳದೆಯೇ ಬಾಗಿಲು ಮುಂದೆ ಮಾಡಿ ಹೊರಗೆ ನಿಂತರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಯಾರೂ ಅಳಲಿಲ್ಲ. ಅತ್ತಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅಳುವವರಿಗೆ ಏನು ಮಾಡಬೇಕೆಂದು ನನಗೆ ಗೊತ್ತು.

"ಮೈಸೂರು, ಬೆಂಗಳೂರು, ಎಲ್ಲಿಗಾದ್ರೂ ಸರಿ ಮೇಡಂ. ಏನೂ ದಾರಿ ಇಲ್ವಾ?" ಎಂದ ವರದರಾಜ.

ತಾನಾಗಿ ಮಗು ನಿಲ್ಲುವುದು ತೀರಾ ಅಪರೂಪ, ನಂಬಿ ಕೂರಬೇಡಿ ಎಂದೆ. ಇನ್ನೊಬ್ಬ ಹೆಣ್ಣಿನ ಅಂಡವನ್ನು ಪಡೆದು, ಗಂಡನ ವೀರ್ಯದ ಜೊತೆ ಸೇರಿಸಿ, ಪದ್ಮಿನಿಯ ಗರ್ಭಕೋಶದಲ್ಲಿ ಇಡಬಹುದು, ಮೈಸೂರಿನಲ್ಲೇ ಆಗುತ್ತದೆ. "ಗೋತ್ರ ನಿಮ್ಮದೇ ಇರುತ್ತೆ" ಎಂದೂ ಸೇರಿಸಿದೆ, ಆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಅದೇ ಇರಬೇಕೆಂದು ಎಣಿಸಿ.

"ಗೋತ್ರ ಸರಿ ಮೇಡಂ," ಎಂದಳು ಪದ್ಮಿನಿ. "ಮುಖ?"

ಮೈಸೂರಿನ ವಿಳಾಸ ಬರೆಯಲೆಂದು ಎತ್ತಿದ್ದ ಪೆನ್ನನ್ನು ಕೆಳಗಿಟ್ಟೆ.

ಆಗ ಜಾನಕಮ್ಮ ಕೇಳಿದರು. ಅಂದು ಅವರು ಸ್ಟೂಲಿನ ಮೇಲೆ ಕೂತಿದ್ದರು, ಸೊಸೆ ನಿಂತಿದ್ದಳು. "ನಾನು ನುಂಗಿಸಿದ ಮಾತ್ರೆಯಿಂದಲೇ ಹೀಗಾಯ್ತಾ? ಮುಚ್ಚಿಡಬೇಡಿ."

"ಇಲ್ಲಮ್ಮ. ಮಾತ್ರೆ ಅಂಡಾಶಯವನ್ನ ಬತ್ತಿಸಲ್ಲ. ಮಾತ್ರೆ ಮುಟ್ಟದೇ ಇದ್ದಿದ್ರೂ ಇದು ಆಗೋದೇ ಇತ್ತು." ಇದು ಅಕ್ಷರಶಃ ನಿಜ, ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪದ್ಮಿನಿ ಬಿಡಲಿಲ್ಲ.

"ಯಾವಾಗ ಬತ್ತಿತು ಮೇಡಂ?"

"ಗೊತ್ತಿಲ್ಲ."

"ಒಂದು ವರ್ಷದ ಹಿಂದೆ? ಐದು ವರ್ಷದ ಹಿಂದೆ?"

"ಹೇಳೋಕಾಗಲ್ಲ ಪದ್ಮಿನಿ. ಮಾತ್ರೆ ಇಲ್ಲದಿದ್ದಿದ್ರೆ ಮುಟ್ಟು ಏರುಪೇರಾಗ್ತಿತ್ತು, ತಪ್ಪುತ್ತಿತ್ತು, ಈ ಉರಿ ಆಗಲೇ ಶುರುವಾಗ್ತಿತ್ತು. ಯಾರಿಗಾದ್ರೂ ಅನುಮಾನ ಬರ್ತಿತ್ತು. ಮಾತ್ರೆ ತಿಂಗಳು ತಿಂಗಳೂ ಎಲ್ಲ ಸರಿ ಇದೆ ಅಂತ ತೋರಿಸ್ತು."

"ಅಂದ್ರೆ ಮೊದಲಲ್ಲಿ ಇದ್ದಿರಬಹುದು. ಇದ್ದಾಗ ನಾನೇ ತಡೆದೆ. ಹೋದಾಗ ಗೊತ್ತಾಗಲಿಲ್ಲ." ಅಷ್ಟನ್ನು ಅವಳು ಪಾಠ ಒಪ್ಪಿಸುವಂತೆ ಹೇಳಿದಳು. ನಾನು ಅವಳಿಗೆ ತಹಶೀಲ್ದಾರರ ಕಥೆಯನ್ನು ಎಷ್ಟು ಚೆನ್ನಾಗಿ ಅರ್ಥಮಾಡಿಸಿದ್ದೆನೆಂದರೆ, ಅಡಗಲು ಅವಳಿಗೆ ಎಲ್ಲೂ ಜಾಗ ಉಳಿದಿರಲಿಲ್ಲ.

ಕೆಲಸ ಇನ್ನೂ ಮುಗಿದಿರಲಿಲ್ಲ. ಈಸ್ಟ್ರೋಜೆನ್ ಬೇಕಾಗಿರುವುದು ಮಗುವಿಗೆ ಮಾತ್ರವಲ್ಲ. ಮೂವತ್ತೊಂದಕ್ಕೇ ಅದು ನಿಂತರೆ ಮೂಳೆಗಳು ಟೊಳ್ಳಾಗುತ್ತವೆ, ಹೃದಯಕ್ಕೂ ಒಳ್ಳೆಯದಲ್ಲ. ಹಾಗಾಗಿ ಐವತ್ತರವರೆಗೆ ಹಾರ್ಮೋನನ್ನು ಮಾತ್ರೆಯ ಮೂಲಕ ಕೊಡಬೇಕು. ದಿನಾ ಈಸ್ಟ್ರೋಜೆನ್, ತಿಂಗಳಲ್ಲಿ ಎರಡು ವಾರ ಪ್ರೊಜೆಸ್ಟರಾನ್. ಎರಡನೆಯದು ಮುಗಿದ ಮೇಲೆ ಪ್ರತಿ ತಿಂಗಳೂ ಮುಟ್ಟಿನಂತೆಯೇ ರಕ್ತ ಬರುತ್ತದೆ. ಇದನ್ನು ಹೇಳುವಾಗ ನನಗೇ ನಾಚಿಕೆಯಾಗುತ್ತಿತ್ತು. ಮಾತ್ರೆ ಬಿಡಿಸಿದ ಡಾಕ್ಟರು ಮಾತ್ರೆ ಬರೆಯುತ್ತಿದ್ದಳು.

"ಪ್ರೊಜೆಸ್ಟರಾನ್ ಯಾವ ದಿನ ಬೇಕಾದ್ರೂ ಶುರು ಮಾಡಬಹುದು," ಎಂದೆ. "ಅಮಾವಾಸ್ಯೆಗೆ ಮುಗಿಯೋ ಹಾಗೆ ಬರೆದುಕೊಡ್ಲಾ?" ಒಳ್ಳೆಯ ಮನಸ್ಸಿನಿಂದಲೇ ಕೇಳಿದೆ. ಅವರ ಮನೆಯಲ್ಲಿ ಇನ್ನೊಂದು ತೊಂದರೆ ಬೇಡವೆಂದು.

ಪದ್ಮಿನಿ ತಕ್ಷಣ, "ಬೇಡ ಮೇಡಂ" ಎಂದಳು. "ಹುಣ್ಣಿಮೆಗೆ ಮುಗಿಯೋ ಹಾಗೆ ಬರೀರಿ."

ಹುಣ್ಣಿಮೆಗೆ ಮುಗಿದರೆ ರಕ್ತ ಬರುವುದು ಕೃಷ್ಣಪಕ್ಷದಲ್ಲಿ. ಸರಿಯಾಗಿ ಪಾಳಿಯಲ್ಲಿ. ವರದರಾಜ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳು ಯಾರನ್ನೂ ನೋಡಲಿಲ್ಲ. "ಮೂರು ದಿನ ನಾನು ಹೊರಗೆ ಕೂತ್ಕೊಳ್ತೀನಿ. ಪಾಳಿ ನಡೆಯೋವಾಗ್ಲೇ ಕೂತ್ಕೊಳ್ತೀನಿ" ಎಂದಳು. ಜೋರಾಗಿ ಹೇಳಲಿಲ್ಲ. ಎಂಟು ವರ್ಷದಲ್ಲಿ ಅವಳು ತನ್ನ ಮೈಯ ಬಗ್ಗೆ ತಾನೇ ಮಾಡಿದ ಮೊದಲ ತೀರ್ಮಾನ ಅದಾಗಿತ್ತು. ಆ ಮೈ ಖಾಲಿಯಾದ ಮೇಲೆ ಮಾಡಿದ್ದಳು.

ನಾನು ಪೆನ್ನು ಹಿಡಿದು ಜಾನಕಮ್ಮನ ಕಡೆ ನೋಡಿದೆ. ಅವರಿಗೆ ಹೊಳೆಯದಿರಲು ಸಾಧ್ಯವಿರಲಿಲ್ಲ. ಆ ಮನೆಯಲ್ಲಿ ಪಂಚಾಂಗ ಹಿಡಿದವರೇ ಅವರು. ಸ್ಟೂಲು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿತು.

"ಅವಳು ಹೇಳಿದ ಹಾಗೇ ಬರೀರಿ ಡಾಕ್ಟ್ರಮ್ಮ," ಎಂದರು ಕೊನೆಗೆ. "ಅಡುಗೆ ನಾನು ಮಾಡ್ತೀನಿ."

ಬರೆದುಕೊಟ್ಟೆ. ಹುಣ್ಣಿಮೆಗೆ ಮುಕ್ತಾಯ ಎಂದು ಕನ್ನಡದಲ್ಲೇ ಬರೆದೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಈಗ ನಿವೃತ್ತಳಾಗಿ ತಿ. ನರಸೀಪುರದಲ್ಲಿ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಸಂಜೆ ಹೊತ್ತು ಕೂರುತ್ತೇನೆ. ಡೇಟ್ ಮಾತ್ರೆಯ ಪಟ್ಟಿಗಳು ಇಲ್ಲಿಯ ಪರ್ಸುಗಳಲ್ಲೂ ಇವೆ. ಮದುವೆಗೆ, ಗೃಹಪ್ರವೇಶಕ್ಕೆ, ಶಬರಿಮಲೆಗೆ ಹೊರಟ ಗಂಡನ ವ್ರತಕ್ಕೆ. ಅಪರೂಪಕ್ಕೊಮ್ಮೆ ನುಂಗಿದರೆ ಅನಾಹುತವೇನಿಲ್ಲ, ಹೆದರಿಸುವುದು ನನ್ನ ಉದ್ದೇಶವೂ ಅಲ್ಲ. ಆದರೆ ನಮ್ಮ ವಿದ್ಯೆಯಲ್ಲಿ ಮುಟ್ಟು ಕ್ರಮವಾಗಿದೆಯೇ ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಬರುವ ಹೌದು ಎಂಬ ಉತ್ತರವನ್ನು ನಾನು ಮೂವತ್ತು ವರ್ಷ ಒಳ್ಳೆಯ ಸುದ್ದಿಯೆಂದೇ ಬರೆದುಕೊಂಡಿದ್ದೆ. ಈಗ ಅದರ ಜೊತೆಗೇ ಇನ್ನೊಂದನ್ನು ಕೇಳುತ್ತೇನೆ: ತಾನಾಗಿ ಬರುತ್ತಾ, ತರಿಸ್ತೀರಾ?

ಹಾಗೆ ಕೇಳಿದಾಗ ಹೆಚ್ಚಿನ ಸೊಸೆಯಂದಿರು ಮೊದಲು ಅತ್ತೆಯ ಮುಖ ನೋಡುತ್ತಾರೆ. ಅತ್ತೆ ಉತ್ತರ ಕೊಡಲು ಬಾಯಿ ತೆರೆಯುತ್ತಾರೆ. ನಾನು ಕೈಯೆತ್ತಿ ಅವರನ್ನು ತಡೆದು, ಸೊಸೆಯನ್ನೇ ನೋಡುತ್ತಾ ಕಾಯುತ್ತೇನೆ. ಹೊರಗೆ ಸರದಿ ಎಷ್ಟೇ ಬೆಳೆದಿರಲಿ, ಅವಳು ತಾನೇ ಬಾಯಿ ಬಿಡುವವರೆಗೆ ಕಾಯುತ್ತೇನೆ.